ರಾಕಿ ಬಂದ ಮೇಲೂ ಪಾಳಿ ನಡೆಯಿತಲ್ಲ

ಪ್ರಶಾಂತ್ ನೀಲ್ ತಮ್ಮ ಮೊದಲ ಹತ್ತು ವರ್ಷಗಳಲ್ಲಿ ಮಾಡಿದ್ದು ನಾಲ್ಕೇ ಸಿನಿಮಾ. 2014ರಲ್ಲಿ ‘ಉಗ್ರಂ’, 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಮೊದಲ ಅಧ್ಯಾಯ, 2022ರ ಏಪ್ರಿಲ್ 14ರಂದು ಅದರ ಎರಡನೇ ಅಧ್ಯಾಯ, 2023ರ ಡಿಸೆಂಬರಿನಲ್ಲಿ ತೆಲುಗಿನ ‘ಸಲಾರ್’. ನಾಲ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಈ ನಿರ್ದೇಶಕನ ತಲೆಯೊಳಗೆ ಒಂದೇ ಊರಿದೆ, ಸಿನಿಮಾದಿಂದ ಸಿನಿಮಾಕ್ಕೆ ಅದರ ಹೆಸರಷ್ಟೇ ಬದಲಾಗುತ್ತದೆ ಅನ್ನಿಸುತ್ತದೆ. ‘ಉಗ್ರಂ’ನಲ್ಲಿ ಮುಘೋರ್, ‘ಕೆಜಿಎಫ್’ನಲ್ಲಿ ನರಾಚಿ, ‘ಸಲಾರ್’ನಲ್ಲಿ ಖಾನ್ಸಾರ್. ಮೂರೂ ಕಡೆ ಪೊಲೀಸು, ಕೋರ್ಟು, ಸರ್ಕಾರ ಒಳಗೆ ಕಾಲಿಡುವುದಿಲ್ಲ. ಒಳಗಿನ ಜನಕ್ಕೆ ಹೊರಗೆ ಬರುವ ದಾರಿಯಿಲ್ಲ. ಅಲ್ಲಿಗೆ ಒಬ್ಬ ಗಂಡಸು ಬರುತ್ತಾನೆ. ಅವನ ಬೆನ್ನಿಗೆ ತಾಯಿಯ ಒಂದು ಮಾತಿರುತ್ತದೆ. ಆ ಮಾತು ಒಮ್ಮೆ ಅವನ ಕೈಯನ್ನು ಕಟ್ಟಿಹಾಕುತ್ತದೆ, ಒಮ್ಮೆ ಬಿಚ್ಚಿಬಿಡುತ್ತದೆ. ಆಮೇಲೆ ಹೆಣಗಳು ಬೀಳುತ್ತವೆ, ಜನ ಕೂಗುತ್ತಾರೆ, ತೆರೆಯ ಮೇಲಿನ ಜನದ ಜೊತೆ ನಾವೂ ಕೂಗುತ್ತೇವೆ.

ನಾನು ಈ ಸಿನಿಮಾಗಳ ವಿರೋಧಿಯಲ್ಲ. ‘ಕೆಜಿಎಫ್’ ಮೊದಲ ಅಧ್ಯಾಯವನ್ನು ಥಿಯೇಟರಿನಲ್ಲೇ ಎರಡು ಸಲ ನೋಡಿದ್ದೇನೆ. ಸಿಂಧನೂರಿನಂಥ ಊರಲ್ಲಿ ಇದಕ್ಕೆ ಬೇರೆಯೇ ಅರ್ಥವಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡವರು, ಭತ್ತದ ನಾಟಿಗೆ ಬರುವ ಕೂಲಿಗಳು, ಮೂಲ ಊರಿನವರು ಎಲ್ಲರೂ ಸೇರಿ ಇಲ್ಲಿನ ಥಿಯೇಟರುಗಳಿಗೆ ತೆಲುಗಿನ ರುಚಿ ಹತ್ತಿಸಿ ಎಷ್ಟೋ ಕಾಲವಾಗಿತ್ತು. ಕನ್ನಡ ಸಿನಿಮಾ ಅಂದರೆ ‘ಅದೇನ್ ನೋಡ್ತೀಯೋ’ ಅನ್ನುತ್ತಿದ್ದ ಹುಡುಗರು ಮೊದಲ ಬಾರಿಗೆ ಕನ್ನಡದ ಡೈಲಾಗನ್ನು ಕ್ಯಾಂಪಿನ ಗೆಳೆಯರಿಗೆ ಹೇಳಿಕೊಟ್ಟ ದಿನಗಳವು. ಸಾಹಸ ದೃಶ್ಯಗಳಿಗೂ ಸ್ಪೆಷಲ್ ಎಫೆಕ್ಟ್‌ಗೂ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ನನಗೂ ಖುಷಿಯಾಗಿತ್ತು. ಹೊಡೆದಾಟದ ಸಿನಿಮಾ ನೋಡಿ ಹುಡುಗರು ಕೆಡುತ್ತಾರೆ ಎಂಬ ವಾದವನ್ನು ನಾನು ಮುಟ್ಟುವುದೂ ಇಲ್ಲ. ಕೆಡುವುದಕ್ಕೆ ನಮ್ಮ ಕಡೆ ಸಿನಿಮಾಕ್ಕಿಂತ ಹಳೆಯ ಕಾರಣಗಳು ಬೇಕಾದಷ್ಟಿವೆ.

ನನ್ನ ಪ್ರಶ್ನೆ ಬೇರೆ. ಅದನ್ನು ನನಗೆ ಕೊಟ್ಟವರು ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ನಮ್ಮ ಮಸ್ಕಿಯಿಂದ ಬಹಳ ದೂರವೇನಲ್ಲ. ಸಂಶೋಧನೆಯ ನೆಪದಲ್ಲಿ ನಾನು ಆ ಕಡೆಯ ಮಾತು-ಕತೆ ಕೇಳಿಕೊಂಡು ಓಡಾಡುತ್ತಿದ್ದಾಗ, ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ ‘ಕೆಜಿಎಫ್’ ಎರಡೂ ಭಾಗಗಳನ್ನು ಅವರು ನೋಡಿ ಮುಗಿಸಿದ್ದರು. ಹೇಗಿತ್ತು ಕಾಕಾ ಅಂದೆ. “ಎಲ್ಲಾ ಚಲೋ ಐತಿ ತಮ್ಮಾ. ಖರೇ ಒಂದು ತಿಳೀಲಿಲ್ಲ. ಅಂವ ಬಂದ ಮ್ಯಾಲೂ ಪಾಳಿ ನಡೀತಲ್ಲ?” ಅಂದರು. ನಾನು ನಕ್ಕೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಗಣಿಯೊಳಗೆ ಅಷ್ಟೊಂದು ಜನ ಒಂದೇ ಸಮ ಕೂಗಿದರೆ ಯಾರಿಗೂ ಏನೂ ಕೇಳುವುದಿಲ್ಲ ಅಂತ ಇನ್ನೊಂದು ತಪ್ಪನ್ನೂ ಹುಡುಕಿ ಹೇಳಿದರು.

ಸಿನಿಮಾ ನೋಡಿದವರಿಗೆ ಅವರ ಮೊದಲ ಮಾತು ಗೊತ್ತಾಗುತ್ತದೆ. ರಾಕಿ ನರಾಚಿಗೆ ಹೋಗುವುದು ಅಲ್ಲಿನ ಗುಲಾಮರನ್ನು ಬಿಡಿಸುವುದಕ್ಕಲ್ಲ. ಗರುಡನನ್ನು ಕೊಲ್ಲುವ ಸುಪಾರಿ ಹಿಡಿದು, ಕೂಲಿಯ ವೇಷದಲ್ಲಿ. ಒಳಗಿನ ನರಕ ನೋಡಿ ಅವನೊಳಗೆ ಏನೋ ಅಲುಗಾಡುತ್ತದೆ. ಕಣ್ಣಿಲ್ಲದ ಮುದುಕನೊಬ್ಬನನ್ನು ಕಾವಲಿನವರು ಕೊಲ್ಲಹೊರಟಾಗ ಅವನು ಎದ್ದು ನಿಲ್ಲುತ್ತಾನೆ, ಅವರನ್ನೆಲ್ಲ ಕೊಂದುಹಾಕುತ್ತಾನೆ. ಇಡೀ ಸಿನಿಮಾದ ನೈತಿಕ ಭಾರ ನಿಂತಿರುವುದು ಆ ದೃಶ್ಯದ ಮೇಲೆ. ಅಲ್ಲಿಂದ ಮುಂದೆ ಅವನು ಕೊಲೆಗಾರ ಎಂಬುದು ನಮಗೆ ಮರೆತುಹೋಗಿ, ರಕ್ಷಕ ಎಂಬುದಷ್ಟೇ ಉಳಿಯುತ್ತದೆ. ಗರುಡ ಸಾಯುತ್ತಾನೆ. ಜನ ಜಯಕಾರ ಹಾಕುತ್ತಾರೆ. ಎರಡನೇ ಅಧ್ಯಾಯದಲ್ಲಿ ಅದೇ ರಾಕಿ ನರಾಚಿಯ ಒಡೆಯನಾಗಿ ಕೂತು ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಬಚ್ಚಿಟ್ಟಿದ್ದ ಇನ್ನೂ ಎಂಟು ಗಣಿಗಳಲ್ಲಿ ಕೆಲಸ ಶುರುಮಾಡಿಸುವುದು. ಅದೇ ಜನ, ಅದೇ ಗುದ್ದಲಿ. ಈಗ ಅವರು ನಗುತ್ತ ಅಗೆಯುತ್ತಾರೆ, ಅಷ್ಟೇ ವ್ಯತ್ಯಾಸ. ಅವರಿಗೆ ಮನೆ ಸಿಗುತ್ತದೆ, ಅನ್ನ ಸಿಗುತ್ತದೆ, ನಿಜ. ಚಿನ್ನ ಯಾರದು ಎಂದು ಕೇಳುವವರು ಇಲ್ಲ. ಕೊನೆಗೆ ಆ ಚಿನ್ನವೆಲ್ಲ ಒಬ್ಬ ಮಗ ತನ್ನ ತಾಯಿಗೆ ಕೊಟ್ಟ ಮಾತಿನ ಲೆಕ್ಕಕ್ಕೆ ಜಮೆಯಾಗಿ ಸಮುದ್ರ ಸೇರುತ್ತದೆ.

ನಿರ್ದೇಶಕರಿಗೆ ಇದು ಗೊತ್ತಿಲ್ಲ ಅಂತಲ್ಲ. ಕತೆ ಹೇಳುವ ಪತ್ರಕರ್ತನ ಪಾತ್ರವನ್ನಿಟ್ಟು, ಅವನ ಪುಸ್ತಕವನ್ನು ಸರ್ಕಾರ ಸುಟ್ಟುಹಾಕಿದೆ ಎಂದು ಹೇಳಿಸಿ, ಇದೆಲ್ಲ ನಿಜವೋ ದಂತಕತೆಯೋ ಎಂಬ ಅನುಮಾನವನ್ನು ಅವರು ಜಾಣತನದಿಂದ ಉಳಿಸಿಕೊಂಡಿದ್ದಾರೆ. ರಾಕಿ ದೇವರಲ್ಲ, ದುರಾಸೆಯವನು ಎಂದು ಸಿನಿಮಾವೇ ಹಲವು ಸಲ ಹೇಳುತ್ತದೆ. ಆದರೆ ಬಾಯಲ್ಲಿ ಹೇಳುವುದು ಒಂದು, ಕ್ಯಾಮೆರಾ ಹೇಳುವುದು ಇನ್ನೊಂದು. ಕ್ಯಾಮೆರಾ ಅವನನ್ನು ಕೆಳಗಿನಿಂದ ನೋಡುತ್ತದೆ. ಕೂಲಿಗಳನ್ನು ಮೇಲಿನಿಂದ, ಗುಂಪಾಗಿ, ದೂಳಿನ ಬಣ್ಣದಲ್ಲಿ ನೋಡುತ್ತದೆ. ಎರಡೂ ಭಾಗ ನೋಡಿದವರನ್ನು ಕೇಳಿ ನೋಡಿ: ನರಾಚಿಯ ಕೂಲಿಗಳಲ್ಲಿ ಎಷ್ಟು ಜನರ ಹೆಸರು ನೆನಪಿದೆ? ಖಳರ ಹೆಸರುಗಳನ್ನು ಸಾಲಾಗಿ ಹೇಳುತ್ತಾರೆ.

ಕಲ್ಪನೆಗೆ ಸ್ವಾತಂತ್ರ್ಯವಿದೆ, ಕೋಲಾರದ ಇತಿಹಾಸ ಬೇಕಾದವರು ಪುಸ್ತಕ ಓದಲಿ ಎಂಬ ಉತ್ತರ ಸಿದ್ಧವಿರುತ್ತದೆ. ಒಪ್ಪೋಣ. ಆದರೆ ಒಂದು ಕಲ್ಪನೆ ಏನನ್ನು ಕಲ್ಪಿಸಲಾರದೆ ಹೋಯಿತು ಎಂದು ಕೇಳುವ ಸ್ವಾತಂತ್ರ್ಯ ನಮಗೂ ಇದೆ. ನರಾಚಿಯ ಸೆಟ್ ಹಾಕಿದ್ದು ನಿಜವಾದ ಕೋಲಾರ ಚಿನ್ನದ ಗಣಿಯ ಸಯನೈಡ್ ದಿಬ್ಬಗಳ ಮೇಲೆ. ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣನ್ನು ನೂರಿಪ್ಪತ್ತು ವರ್ಷ ಸುರಿದು ಸುರಿದು ಆದ ಗುಡ್ಡಗಳವು. ಆ ಮಣ್ಣನ್ನು ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ಮೇಲೆ ತಂದವರಲ್ಲಿ ಬಹುಪಾಲು ಜನ ತಮಿಳುನಾಡಿನ ಉತ್ತರ ಆರ್ಕಾಟ್ ಕಡೆಯಿಂದ ಬಂದ ದಲಿತರು. ಅವರೇನು ರಕ್ಷಕ ಬರಲಿ ಎಂದು ಕಾದು ಕೂತವರಲ್ಲ. 1930ರಲ್ಲಿ ಕಂಪನಿ ಕಾರ್ಮಿಕರ ಹೆಬ್ಬೆಟ್ಟಿನ ಗುರುತು ಪಡೆದು ನೋಂದಣಿ ಮಾಡುವ ಹೊಸ ಪದ್ಧತಿ ತಂದಾಗ, ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಅಷ್ಟೂ ಗಣಿಗಳನ್ನು ನಿಲ್ಲಿಸಿ ಇಪ್ಪತ್ತೊಂದು ದಿನ ಕೆಳಗಿಳಿಯಲಿಲ್ಲ. ಓದುಬರಹ ಬಾರದ ಜನ ತಮ್ಮ ಹೆಬ್ಬೆರಳು ತಮ್ಮದು ಎಂದು ಹೇಳಿದ ಆ ಇಪ್ಪತ್ತೊಂದು ದಿನಗಳಲ್ಲಿ ಎಷ್ಟು ನಾಟಕವಿತ್ತು, ಎಷ್ಟು ಭಯವಿತ್ತು, ಯೋಚಿಸಿ. ಅದೇ ದಿಬ್ಬದ ಮೇಲೆ ಕ್ಯಾಮೆರಾ ಇಟ್ಟ ಸಿನಿಮಾಕ್ಕೆ ಕಂಡದ್ದು ಮಾತ್ರ ತಲೆ ತಗ್ಗಿಸಿದ ಸಾವಿರ ಜನ ಮತ್ತು ತಲೆ ಎತ್ತಿದ ಒಬ್ಬ. 2024ರಲ್ಲಿ ಪಾ. ರಂಜಿತ್ ‘ತಂಗಲಾನ್’ ಮಾಡಿ ಅದೇ ಚಿನ್ನದ ಕತೆಯನ್ನು ಆ ಜನದ ಕಡೆಯಿಂದ ನೋಡಲು ಪ್ರಯತ್ನಿಸಿದರು. ನನಗೆ ಆ ಸಿನಿಮಾ ಪೂರ್ತಿ ಹಿಡಿಸಲಿಲ್ಲ, ಆದರೆ ನೋಟ ಎಲ್ಲಿಂದ ಹೊರಡಬೇಕು ಎಂಬುದು ಅದಕ್ಕೆ ಗೊತ್ತಿತ್ತು.

ಹಟ್ಟಿಯ ಕತೆ ಇನ್ನೂ ಹಳೆಯದು, ಇನ್ನೂ ಮುಗಿಯದ್ದು. ಕೋಲಾರದ ಗಣಿ 2001ರ ಫೆಬ್ರವರಿ ಕೊನೆಗೆ ಮುಚ್ಚಿತು. ಹಟ್ಟಿ ಇವತ್ತಿಗೂ ನಡೆಯುತ್ತಿದೆ. ನಿಜಾಮರ ಕಾಲದ ಕೊನೆಗೆ, 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಹುಟ್ಟಿದ ಕಂಪನಿ, 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಒಂದು ಟನ್ ಅದಿರು ಮೇಲೆ ಬಂದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಶಾಫ್ಟಿನಲ್ಲಿ ಕೇಜು ಇಳಿಯುತ್ತದೆ, ಎರಡು ಸಾವಿರ ಅಡಿಗೂ ಕೆಳಗೆ ಡ್ರಿಲ್ ಹೊಡೆಯುತ್ತಾರೆ, ಬ್ಲಾಸ್ಟ್ ಮಾಡುತ್ತಾರೆ, ಪಾಳಿ ಮುಗಿಸಿ ಮೇಲೆ ಬಂದು ಚಹಾ ಕುಡಿಯುತ್ತಾರೆ. ಅಲ್ಲಿನ ಮನೆಗಳಲ್ಲಿ ‘ಮೆಡಿಕಲ್ ಅನ್‌ಫಿಟ್’ ಎಂಬ ಮಾತು ಮಕ್ಕಳಿಗೂ ಗೊತ್ತು. ಅಪ್ಪನ ದೇಹ ಇನ್ನು ಗಣಿಗೆ ಇಳಿಯಲಾರದು ಎಂದು ಡಾಕ್ಟರು ಬರೆದುಕೊಟ್ಟರೆ ಮಗನಿಗೆ ಕೆಲಸ ಸಿಗಬೇಕೋ ಬೇಡವೋ ಎಂಬುದು ಅಲ್ಲಿ ಯೂನಿಯನ್ ಚುನಾವಣೆಯ ವಿಷಯ. ಇಂಥದ್ದನ್ನು ಯಾವ ಸಾಹಸ ಸಿನಿಮಾವೂ ಮಾಡಲಾರದು, ಮಾಡಬೇಕಾಗಿಯೂ ಇಲ್ಲ. ಆದರೆ ಕಾಕಾ ಕೇಳಿದ್ದು ಈ ಲೋಕದಲ್ಲಿ ನಿಂತು. ಅವರಿಗೆ ಒಡೆಯ ಯಾರು ಎಂಬುದಕ್ಕಿಂತ ಪಾಳಿ ಎಷ್ಟು ತಾಸು, ಉಸಿರಿಗೆ ಗಾಳಿ ಹೇಗೆ ಬರುತ್ತದೆ, ಬ್ಲಾಸ್ಟ್ ಆದ ಮೇಲೆ ಎಷ್ಟು ಹೊತ್ತಿಗೆ ಒಳಗೆ ಬಿಡುತ್ತಾರೆ ಎಂಬುದು ದೊಡ್ಡದು.

ಇಲ್ಲಿಗೆ ಪ್ರಶ್ನೆ ಸ್ವಲ್ಪ ತಿಳಿಯಾಗುತ್ತದೆ. ಮತ್ತೊಬ್ಬರ ಪರವಾಗಿ ಒಬ್ಬ ಹಿಂಸೆ ಮಾಡುತ್ತಾನೆ. ಅದು ನ್ಯಾಯವೇ ಎಂದು ಕೇಳುವುದು ಹಳೆಯ ರೂಢಿ. ಆ ಹಿಂಸೆಯಿಂದ ಆ ಮತ್ತೊಬ್ಬರು ಏನಾದರು ಎಂದು ಕೇಳುವುದು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಅವರು ಕೂಗುವವರಾದರು. ನೋಡುವವರಾದರು. ಅಂದರೆ ನಮ್ಮಂತಾದರು. ನರಾಚಿಯ ಕೂಲಿಗಳು ತೆರೆಯ ಒಳಗಿನ ಪ್ರೇಕ್ಷಕರು, ನಾವು ತೆರೆಯ ಹೊರಗಿನವರು. ಯಾವಾಗ ಶಿಳ್ಳೆ ಹಾಕಬೇಕು ಎಂದು ನಮಗೆ ಕಲಿಸಿಕೊಡುವುದೇ ಅವರ ಕೆಲಸ.

ಅಮೆರಿಕದ ಸ್ಯಾಮ್ ಪೆಕಿನ್‌ಪಾ ಎಂಬ ನಿರ್ದೇಶಕನಿಗೆ ಈ ಪ್ರೇಕ್ಷಕರ ಸಮಸ್ಯೆ ಬೇರೆ ರೀತಿಯಲ್ಲಿ ಎದುರಾಗಿತ್ತು. 1969ರಲ್ಲಿ ಅವನು ಮಾಡಿದ ‘ದಿ ವೈಲ್ಡ್ ಬಂಚ್’ ಸಾಹಸ ಸಿನಿಮಾಗಳ ವ್ಯಾಕರಣವನ್ನೇ ಬದಲಿಸಿತು. ಹಲವು ಕ್ಯಾಮೆರಾಗಳಿಂದ ಒಂದೇ ಗುಂಡಿನ ಕಾಳಗವನ್ನು ಹಿಡಿದು, ನಿಧಾನಗತಿಯನ್ನೂ ಸಹಜ ವೇಗವನ್ನೂ ಬೆರೆಸಿ ಕತ್ತರಿಸಿದ ರೀತಿಯ ಮಕ್ಕಳು-ಮೊಮ್ಮಕ್ಕಳೇ ಇವತ್ತಿನ ನಮ್ಮ ಸ್ಲೋ ಮೋಷನ್‌ಗಳು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಹೊತ್ತು. ಗುಂಡು ತಗುಲಿ ಸಾಯುವುದೆಂದರೆ ಏನು ಎಂದು ತೋರಿಸಿದರೆ ಜನ ಹೇಸುತ್ತಾರೆ ಎಂದು ಅವನು ನಂಬಿದ್ದ. ಜನ ಹೇಸಲಿಲ್ಲ, ಸಂಭ್ರಮಿಸಿದರು. ಆ ಸಂಗತಿ ಅವನನ್ನು ಕಾಡಿತು. 1984ರಲ್ಲಿ, ಅರವತ್ತೂ ತುಂಬದೆ, ಕುಡಿತದಿಂದ ಜರ್ಜರಿತನಾಗಿ ತೀರಿಕೊಂಡ ಅವನ ಬದುಕನ್ನು ಇದೊಂದರಿಂದಲೇ ವಿವರಿಸುವುದು ತಪ್ಪು. ಆದರೂ ಹಿಂಸೆಯನ್ನು ಚೆಂದವಾಗಿ ತೆಗೆಯಬಲ್ಲವನಿಗೆ ಅದನ್ನು ಅಸಹ್ಯವಾಗಿ ಕಾಣಿಸುವುದು ಕಷ್ಟ ಎಂಬುದು ಅವನ ವೃತ್ತಿಯಿಂದ ಕಾಣುತ್ತದೆ. ಕೈ ಪಳಗಿದಷ್ಟೂ ಉದ್ದೇಶ ಕೈಜಾರುತ್ತದೆ.

ಕನ್ನಡಕ್ಕೆ ಈ ಇಕ್ಕಟ್ಟು ಹೊಸದಲ್ಲ. ಸಾವಿರ ವರ್ಷದ ಹಿಂದೆ ರನ್ನ ‘ಗದಾಯುದ್ಧ’ ಬರೆದಾಗ ಅವನ ಮುಂದೆಯೂ ಇದೇ ಕೆಲಸವಿತ್ತು. ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಮೆರೆಸಬೇಕು. ಹಿಂದಿನದನ್ನು ನೆನೆಸಿಕೊಂಡು ಮುಂದೆ ಹೋಗುವ ಸಿಂಹಾವಲೋಕನದ ಕ್ರಮ, ಕೂಗು, ಸವಾಲು, ತೊಡೆ ತಟ್ಟುವುದು ಎಲ್ಲ ಇವೆ. ಯಾವ ಸಾಹಸ ಸಿನಿಮಾಕ್ಕೂ ಸಾಲ ಕೊಡಬಲ್ಲ ಕಾವ್ಯ. ಆದರೆ ಗದೆ ಎತ್ತುವುದಕ್ಕೆ ಮೊದಲು ರನ್ನ ದುರ್ಯೋಧನನನ್ನು ರಣರಂಗದಲ್ಲಿ ನಡೆಸುತ್ತಾನೆ. ಹೆಣಗಳ ನಡುವೆ ಕಾಲಿಟ್ಟುಕೊಂಡು ಹೋಗಬೇಕು. ದ್ರೋಣ ಸಿಗುತ್ತಾನೆ, ದುಶ್ಶಾಸನ ಸಿಗುತ್ತಾನೆ, ಕರ್ಣ ಸಿಗುತ್ತಾನೆ. ಶತ್ರುವಿನ ಮಗ ಅಭಿಮನ್ಯುವೂ ಸಿಗುತ್ತಾನೆ, ದುರ್ಯೋಧನ ಆ ಹುಡುಗನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಭೀಮನನ್ನು ಹೊಗಳಲು ಹೊರಟ ಕವಿ ಹೆಣಗಳಿಗೆ ಹೆಸರಿಟ್ಟ. ಹೆಸರಿಟ್ಟ ತಕ್ಷಣ ಗೆಲುವಿನ ರುಚಿ ಸ್ವಲ್ಪ ಕಹಿಯಾಯಿತು, ಕಾವ್ಯ ದೊಡ್ಡದಾಯಿತು. ನಮ್ಮ ಸಿನಿಮಾಗಳಲ್ಲಿ ಬೀಳುವವರು ಸಂಖ್ಯೆಗಳು. ಬಿದ್ದ ಮೇಲೆ ಯಾರೂ ಅವರ ನಡುವೆ ನಡೆದು ಹೋಗುವುದಿಲ್ಲ. ಹಿನ್ನೆಲೆ ಸಂಗೀತ ಅವರನ್ನು ದಾಟಿಸಿಬಿಡುತ್ತದೆ.

ಬೀಳುವವರು ಎಂದಾಗ ಇನ್ನೊಂದು ಮಾತು. ತೆರೆಯ ಮೇಲೆ ಬೀಳುವವನ ಹಿಂದೆ ನಿಜವಾಗಿ ಬೀಳುವವನೊಬ್ಬ ಇರುತ್ತಾನೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಸಿನಿಮಾದ ಚಿತ್ರೀಕರಣಕ್ಕೆ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ಅನಿಲ್ ಮತ್ತು ಉದಯ್ ಎಂಬ ಇಬ್ಬರು ಖಳನಟರು ಮೇಲೆ ಬರಲಿಲ್ಲ. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಆ ಜಿಗಿತದ ವಿಡಿಯೊ ಅವತ್ತು ಸಂಜೆ ಎಲ್ಲರ ಮೊಬೈಲಿನಲ್ಲೂ ಇತ್ತು. ಸಾವನ್ನು ನೋಡುತ್ತಿದ್ದೇವೆ ಎಂದು ಗೊತ್ತಿದ್ದೂ ನಾವು ಅದನ್ನು ಒಂದು ಸಾಹಸ ದೃಶ್ಯವನ್ನು ನೋಡುವ ಹಾಗೆಯೇ, ಮತ್ತೆ ಮತ್ತೆ ಹಿಂದಕ್ಕೆಳೆದು ನೋಡಿದೆವು. ಆ್ಯಕ್ಷನ್ ಎಂದು ಕೂಗುವ ಬಾಯಿ ಬೇರೆ, ಜಿಗಿಯುವ ಕಾಲು ಬೇರೆ ಎಂಬುದು ಗಣಿಗೂ ಸಿನಿಮಾಕ್ಕೂ ಸಮಾನ.

ಈಗ ಮಸ್ಕಿಗೆ ಬರುತ್ತೇನೆ. ಊರ ಮಗ್ಗುಲಿನ ಗುಡ್ಡದಲ್ಲಿ ಅಶೋಕನ ಶಾಸನವಿದೆ. ಅದನ್ನು 1915ರಲ್ಲಿ ಕಂಡವನು ಪುರಾತತ್ವದವನಲ್ಲ, ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತ ಬಂದವನಿಗೆ ಅಕ್ಷರ ಸಿಕ್ಕಿತು. ಇದು ಕಾಕತಾಳೀಯವೂ ಇರಲಾರದು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಅಗೆತ ನಡೆಸಿದ ಆಲ್ಚಿನ್‌ರಂಥ ವಿದ್ವಾಂಸರು, ಅಶೋಕನ ಶಾಸನಗಳು ಈ ಭಾಗದಲ್ಲಿ ಇಷ್ಟು ದಟ್ಟವಾಗಿರುವುದಕ್ಕೂ ಇಲ್ಲಿನ ಚಿನ್ನಕ್ಕೂ ನಂಟಿದ್ದೀತು ಎಂದು ಊಹಿಸಿದ್ದಾರೆ. ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ಗಣಿಗಾರಿಕೆಯ ಕುರುಹುಗಳಿವೆ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಮೇಲೆ ನೀರು ಸುರಿದು ಸೀಳಿಸಿ, ನೂರಾರು ಅಡಿ ಕೆಳಗಿಳಿದಿದ್ದಾರೆ. ಡ್ರಿಲ್ಲಿಲ್ಲ, ಗಾಳಿಯ ಯಂತ್ರವಿಲ್ಲ. ಆ ಹೊಗೆಯಲ್ಲಿ ಯಾರು ಇಳಿದರು, ಯಾರು ಇಳಿಸಿದರು ಎಂದು ಯಾವ ಕಲ್ಲೂ ಹೇಳುವುದಿಲ್ಲ.

ಅಶೋಕನಿಗೂ ಸಾಹಸ ಸಿನಿಮಾಕ್ಕೂ ಏನು ಸಂಬಂಧ ಎನ್ನಬೇಡಿ. ಜನ ಸೇರಿ ನೋಡುವ ಆಟಗಳ ಬಗ್ಗೆ ತಲೆಕೆಡಿಸಿಕೊಂಡ ಮೊದಲ ದೊರೆಗಳಲ್ಲಿ ಅವನೊಬ್ಬ. ನಮಗೆ ಹತ್ತಿರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅವನ ಹದಿನಾಲ್ಕೂ ದೊಡ್ಡ ಬಂಡೆಶಾಸನಗಳಿವೆ. ಅವುಗಳಲ್ಲಿ ಮೊದಲನೆಯದರಲ್ಲಿ ಅವನು ‘ಸಮಾಜ’ಗಳನ್ನು, ಅಂದರೆ ಜಾತ್ರೆಯಂಥ ಮೋಜಿನ ಕೂಟಗಳನ್ನು, ದೋಷ ಕಂಡು ಬೇಡವೆನ್ನುತ್ತಾನೆ. ಜೊತೆಗೇ ಕೆಲವು ಸಮಾಜಗಳು ಒಳ್ಳೆಯವು ಎಂದೂ ಸೇರಿಸುತ್ತಾನೆ. ನಾಲ್ಕನೆಯದರಲ್ಲಿ, ಯುದ್ಧಭೇರಿಯ ಸದ್ದು ಧರ್ಮದ ಸದ್ದಾಯಿತು, ಜನರಿಗೆ ವಿಮಾನ, ಆನೆ, ಬೆಂಕಿಯ ರಾಶಿ, ದಿವ್ಯರೂಪಗಳನ್ನು ತೋರಿಸಿದೆ ಎನ್ನುತ್ತಾನೆ. ಅಂದರೆ ನೋಟದ ಹುಚ್ಚನ್ನು ಬಿಡಿಸಲಾಗದು, ನೋಟವನ್ನು ಬದಲಿಸಬಹುದು ಎಂದು ಲೆಕ್ಕ ಹಾಕಿದ. ಆನೆಯನ್ನೂ ಬೆಂಕಿಯನ್ನೂ ಅವನೂ ಬಿಡಲಿಲ್ಲ! ಹದಿಮೂರನೆಯದರಲ್ಲಿ ಕಳಿಂಗದ ಲೆಕ್ಕವಿದೆ: ಸತ್ತವರು ಒಂದು ಲಕ್ಷ, ಸೆರೆಯಾಗಿ ಹೋದವರು ಒಂದೂವರೆ ಲಕ್ಷ. ಸತ್ತವರ ಗೆಳೆಯರು, ನೆಂಟರು, ಉಳಿದವರು ಪಟ್ಟ ದುಃಖವನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡ. ಗೆದ್ದವನೇ ಹೆಣಗಳ ನಡುವೆ ನಡೆದ ಅಪರೂಪದ ಪಠ್ಯ ಅದು. ಅದೇ ಶಾಸನದಲ್ಲಿ ಕಾಡಿನ ಜನರಿಗೆ ಒಂದು ಬೆದರಿಕೆಯೂ ಇದೆ ಎಂಬುದನ್ನು ಮರೆಯಬಾರದು.

ಮಸ್ಕಿಯ ಶಾಸನ ಚಿಕ್ಕದು. ಅದರ ತಿರುಳು ಇಷ್ಟು: ಧರ್ಮದಲ್ಲಿ ತೊಡಗಿದ ಸಣ್ಣವನೂ ಇದನ್ನು ಪಡೆಯಬಲ್ಲ, ದೊಡ್ಡವನಿಗೆ ಮಾತ್ರ ಇದು ಎಂದು ತಿಳಿಯಬಾರದು, ಸಣ್ಣವನಿಗೂ ದೊಡ್ಡವನಿಗೂ ಇದನ್ನು ಹೇಳಬೇಕು. ಸಣ್ಣವನಿಗೆ ಅಲ್ಲಿರುವ ಪದ ‘ಖುದಕ’, ನಮ್ಮ ಕ್ಷುದ್ರ. ಇದೇ ಶಾಸನದ ಬ್ರಹ್ಮಗಿರಿ ಮುಂತಾದ ಕಡೆಯ ಪಾಠಗಳಲ್ಲಿ ಈ ಪಡೆಯುವಿಕೆಗೆ ಕಾರಣವಾಗಿ ಬರುವ ಪದ ‘ಪಕಮ’. ಸಂಸ್ಕೃತದ ಪ್ರಕ್ರಮ. ಪ್ರಯತ್ನ, ಮುಂದಡಿ. ನಾವು ಹೀರೊಗಳಿಗೆ ಅಂಟಿಸುವ ‘ಪರಾಕ್ರಮ’ ಇದರ ಒಡಹುಟ್ಟು. ಕ್ರಮ ಎಂದರೆ ಹೆಜ್ಜೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ, ಚಿನ್ನ ಅಗೆಯುವ ಜನ ಓಡಾಡುತ್ತಿದ್ದಿರಬಹುದಾದ ದಾರಿಯಲ್ಲಿ, ಹೆಜ್ಜೆಯಿಡುವ ಕೆಲಸ ಸಣ್ಣವನದೂ ಹೌದು ಎಂದು ಒಬ್ಬ ಚಕ್ರವರ್ತಿ ಬರೆಸಿದ. ಅವನ ಉದ್ದೇಶ ಏನೇ ಇರಲಿ. ಚಿನ್ನ ಸರಾಗವಾಗಿ ಪಾಟಲೀಪುತ್ರ ತಲುಪಲಿ ಎಂಬುದೂ ಇದ್ದೀತು. ಆದರೂ ಮಾತು ಕಲ್ಲಿನ ಮೇಲೆ ಉಳಿದಿದೆ. ಇದನ್ನು ಓದಿಕೊಂಡು ನರಾಚಿಗೆ ವಾಪಸಾದರೆ, ಅಲ್ಲಿ ಪಕಮವೆಲ್ಲ ಒಬ್ಬನದೇ, ಖುದಕರ ಪಾಲಿಗೆ ಬಂದದ್ದು ಗಂಟಲು ಮಾತ್ರ ಎಂಬುದು ಎದ್ದು ಕಾಣುತ್ತದೆ.

ಆದರೆ ಈ ಮಾತನ್ನು ಇಷ್ಟು ಸಲೀಸಾಗಿ ಹೇಳಿ ಮುಗಿಸುವುದಕ್ಕೆ ಒಂದು ನೆನಪು ಬಿಡುವುದಿಲ್ಲ. 2020ರ ಕೊನೆಗೆ ನಮ್ಮ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತರು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಎಂಬುದು ಬೇಡಿಕೆ. ಸಿಂಧನೂರಿನ ಕಡೆ ಎರಡು ಬೆಳೆ ಭತ್ತ, ಇತ್ತ ನಮ್ಮ ಹಳ್ಳಿಗಳಲ್ಲಿ ಮಳೆ ನೋಡಿಕೊಂಡು ಕೂರುವುದು, ಬೇಸಿಗೆಗೆ ಬೆಂಗಳೂರಿಗೆ ಗುಳೆ ಹೋಗುವುದು. ಧರಣಿ ನೂರು ದಿನ ದಾಟಿತು. ಹೆಂಗಸರು ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ಕೂತರು. ಯಾರೂ ಯಾರನ್ನೂ ಹೊಡೆಯಲಿಲ್ಲ. ಏಪ್ರಿಲಿನಲ್ಲಿ ಮಸ್ಕಿಗೆ ಉಪಚುನಾವಣೆ ಬಂದಾಗ ಆಡಳಿತ ಪಕ್ಷದ ಅಭ್ಯರ್ಥಿ ಮೂವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅದಕ್ಕೆ ಬೇರೆ ಕಾರಣಗಳೂ ಇದ್ದವು ಅನ್ನಿ. ಕೂತಲ್ಲೇ ಕೂರುವುದು ಸಾಹಸವೇ? ಸಿನಿಮಾದ ಭಾಷೆಯಲ್ಲಿ ಖಂಡಿತ ಅಲ್ಲ. ಅಲ್ಲಿ ಕೂತವರನ್ನು ಎಬ್ಬಿಸುವುದಕ್ಕೇ ಹೀರೊ ಬರುವುದು. ಆ ಧರಣಿಯಲ್ಲಿ ಕ್ಯಾಮೆರಾ ಇಟ್ಟು ನೂರು ದಿನವನ್ನು ಎರಡು ಗಂಟೆಗೆ ಇಳಿಸಿದರೆ ನಮ್ಮ ಹುಡುಗರು ಮಧ್ಯಂತರಕ್ಕೇ ಎದ್ದು ಹೋಗುತ್ತಾರೆ, ನಾನೂ ಹೋದೇನು.

ಆದರೆ ಇದೇ ಧರಣಿ ನಡೆಯುತ್ತಿದ್ದಾಗ, 2021ರ ಜನವರಿ ಮೊದಲ ವಾರ, ‘ಕೆಜಿಎಫ್’ ಎರಡನೇ ಅಧ್ಯಾಯದ ಟೀಸರ್ ಬಂತು. ರಾಕಿ ಮಷಿನ್ ಗನ್ ಸುರಿಸಿ, ಕೆಂಪಗೆ ಕಾದ ಅದರ ನಳಿಕೆಗೆ ಸಿಗರೇಟು ತಾಗಿಸಿ ಹಚ್ಚಿಕೊಳ್ಳುವ ದೃಶ್ಯ. ಶಾಮಿಯಾನದ ಕೆಳಗೆ ಕೂತ ಹುಡುಗರು ಮೊಬೈಲಿನ ಸುತ್ತ ಗುಂಪು ಸೇರಿ ಅದನ್ನು ನೋಡಿದರು, ಕೂಗಿದರು. ಮರುದಿನವೂ ಅದೇ ಹುಡುಗರು ಧರಣಿಗೆ ಬಂದು ಕೂತರು. ನನ್ನ ವಾದದ ಪ್ರಕಾರ ಅವರು ರಕ್ಷಕನಿಗಾಗಿ ಕಾಯುತ್ತ ಮನೆಯಲ್ಲಿರಬೇಕಿತ್ತು. ಹಾಗಾಗಲಿಲ್ಲ. ರಸದ ಬಗ್ಗೆ ಬರೆದವರು ವೀರಕ್ಕೆ ಸ್ಥಾಯಿಭಾವ ಉತ್ಸಾಹ ಎಂದರು, ರೌದ್ರಕ್ಕೆ ಕ್ರೋಧ ಎಂದರು. ಬಹುಶಃ ಹುಡುಗರು ಸಿನಿಮಾದ ಕ್ರೋಧವನ್ನು ಅಲ್ಲೇ ಬಿಟ್ಟು ಉತ್ಸಾಹವನ್ನಷ್ಟೇ ಕಟ್ಟಿಕೊಂಡು ಬಂದರು. ಬಹುಶಃ ತಲೆ ಎತ್ತಿ ನಡೆಯುವ ಒಬ್ಬನನ್ನು ನೋಡುವುದೇ, ಗೌಡರ ಮನೆ ಮುಂದೆ ಇವತ್ತಿಗೂ ತಲೆ ತಗ್ಗಿಸಿ ಹೋಗುವ ಓಣಿಯ ಹುಡುಗನಿಗೆ, ನಾನು ಅಂದುಕೊಂಡದ್ದಕ್ಕಿಂತ ದೊಡ್ಡ ಸಂಗತಿ. ಅಂಬೇಡ್ಕರ್ ಜಯಂತಿಯ ದಿನ ಬಿಡುಗಡೆಯಾದ ಸಿನಿಮಾವನ್ನು ಬೆಳಿಗ್ಗೆ ಮೆರವಣಿಗೆ ಮುಗಿಸಿ, ನೀಲಿ ಶಾಲು ಹೆಗಲ ಮೇಲಿಟ್ಟುಕೊಂಡೇ ನೋಡಲು ಹೋದವರನ್ನು ನಾನು ಬಲ್ಲೆ. ದಿನವಿಡೀ ಕೆಸರಲ್ಲಿ ಬಾಗಿ ನಾಟಿ ಮಾಡಿ ಬಂದವರು ಎರಡೂವರೆ ಗಂಟೆ ಬೆನ್ನು ನೆಟ್ಟಗೆ ಮಾಡಿ ಕೂರುವಾಗ ಅವರಿಂದ ನೈತಿಕ ಜವಾಬು ಕೇಳುವ ಹಕ್ಕು ಫೆಲೋಶಿಪ್ ತಿನ್ನುವ ನನಗೆ ಇದೆಯೇ ಎಂಬುದೂ ಪ್ರಶ್ನೆಯೇ.

ಹಾಗಾಗಿ ಪ್ರೇಕ್ಷಕರನ್ನು ಬಿಟ್ಟುಬಿಡುತ್ತೇನೆ. ಪ್ರಶ್ನೆ ನಿರ್ದೇಶಕನದೇ. ಸಾವಿರ ಕೋಟಿ ದಾಟಿದ ಸಿನಿಮಾ ಮಾಡಿದವನಿಗೆ ತನ್ನ ನೋಡುಗರ ಮೇಲೆ ಎಷ್ಟು ನಂಬಿಕೆಯಿದೆ? ಹುಡುಗರು ಧರಣಿಗೂ ಬರುತ್ತಾರೆ, ಟೀಸರಿಗೂ ಕೂಗುತ್ತಾರೆ. ಎರಡನ್ನೂ ಒಟ್ಟಿಗೆ ಹಿಡಿಯಬಲ್ಲ ಜನಕ್ಕೆ, ನರಾಚಿಯ ಒಬ್ಬ ಕೂಲಿ ಗುದ್ದಲಿ ಕೆಳಗಿಟ್ಟು ರಾಕಿಯ ಮುಖ ನೋಡಿ “ಪಾಳಿ ಎಷ್ಟು ತಾಸು?” ಎಂದು ಕೇಳುವ ಒಂದೇ ಒಂದು ದೃಶ್ಯವನ್ನು ಕೊಟ್ಟಿದ್ದರೆ ಅವರು ಎದ್ದು ಹೋಗುತ್ತಿದ್ದರೇ? ನನಗೆ ಹಾಗನ್ನಿಸುವುದಿಲ್ಲ. ಆ ದೃಶ್ಯಕ್ಕೆ ಬೇರೆಯದೇ ಶಿಳ್ಳೆ ಬೀಳುತ್ತಿತ್ತು. ರಾಕಿ ಏನು ಉತ್ತರಿಸುತ್ತಿದ್ದ ಎಂಬುದನ್ನು ಬರೆಯುವಾಗ ಪ್ರಶಾಂತ್ ನೀಲ್ ಅವರಿಗೂ ಒಂದು ಹೊಸ ಊರು ಸಿಗುತ್ತಿತ್ತೇನೋ.

ಇತ್ತ ಮಸ್ಕಿಯ ಕಲ್ಲು ಪ್ರಸಿದ್ಧವಾದದ್ದೂ ಖುದಕನಿಂದಲ್ಲ. ಅದುವರೆಗೆ ‘ದೇವಾನಾಂಪಿಯ’ ಎಂದಷ್ಟೇ ಗೊತ್ತಿದ್ದ ದೊರೆಯ ಅಸಲಿ ಹೆಸರು ‘ಅಸೋಕ’ ಎಂದು ಮೊದಲು ಸಿಕ್ಕಿದ್ದು ಅದರಲ್ಲಿ. ಗುಜರ್ರಾದಲ್ಲಿ, ಹೊಳೆಯಾಚೆಯ ನಿಟ್ಟೂರು, ಉಡೆಗೋಳದಲ್ಲಿ ಆ ಹೆಸರು ಸಿಕ್ಕಿದ್ದು ಆಮೇಲೆ. ಸಿಂಧನೂರಿನ ಕೋಚಿಂಗ್ ಸೆಂಟರುಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರಿಗೆ ಈ ಪ್ರಶ್ನೆ ಬಾಯಿಪಾಠ. ಅಶೋಕನ ಹೆಸರಿರುವ ಶಾಸನ ಯಾವುದು? ನಾಲ್ಕು ಆಯ್ಕೆ, ಒಂದು ಅಂಕ. ಆ ಹೆಸರಿನ ಕೆಳಗಿನ ಸಾಲುಗಳಲ್ಲಿ ಏನಿದೆ ಎಂದು ಯಾವ ಪ್ರಶ್ನೆಪತ್ರಿಕೆಯಲ್ಲೂ ನಾನು ನೋಡಿಲ್ಲ.